1951ರ ಉಡಾವಣೆ: ನಮ್ಮ ಕಥಾಲೋಕದ ಮೊದಲ ಉಪಗ್ರಹದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ಮತ್ತು ಮಂಡ್ಯ ಸೀಮೆಯನ್ನು ನೆಲೆಯಾಗಿಟ್ಟುಕೊಂಡು ನಾನು ಬರೆಯುತ್ತಿರುವ ವೈಜ್ಞಾನಿಕ ಕಥಾಮಾಲೆಯಲ್ಲಿ, ಮನುಷ್ಯ ನಿರ್ಮಿಸಿದ ಮೊದಲ ಉಪಗ್ರಹವು 1951ರ ಫೆಬ್ರವರಿಯಲ್ಲಿ ಕಕ್ಷೆ ಸೇರುತ್ತದೆ. ಅದರ ಹೆಸರು ‘ಚುಕ್ಕಿ’. ಓದುಗರ ಪತ್ರಗಳಲ್ಲಿ, ಶಾಲಾ ಕಾಲೇಜುಗಳ ಮಾತುಕತೆಯಲ್ಲಿ ಈ ಉಡಾವಣೆಯ ಕುರಿತು ಮರಳಿ ಮರಳಿ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು, ಲೆಕ್ಕದ ಪ್ರಶ್ನೆಗಳು ಕೊನೆಗೆ ಬರುತ್ತವೆ.

## ಕಥೆಗೆ ಹೊಸಬರಾದವರಿಗೆ

ಇದು ನಿಜವಾಗಿ ನಡೆದದ್ದಾ ಮೇಡಂ, ಇಲ್ಲಾ ಬರೀ ಕಥೆನಾ?

ಚುಕ್ಕಿ ಕಥೆ. ನಿಜವಾಗಿ ಕಕ್ಷೆ ಸೇರಿದ ಮೊದಲ ಕೃತಕ ಉಪಗ್ರಹ ಸೋವಿಯತ್ ಒಕ್ಕೂಟದ ಸ್ಪುಟ್ನಿಕ್; ಅದು ಹಾರಿದ್ದು 1957ರ ಅಕ್ಟೋಬರ್ 4ರಂದು. ಭಾರತದ ಮೊದಲ ಉಪಗ್ರಹ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ನಮ್ಮದೇ ರಾಕೆಟ್ ನಮ್ಮದೇ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ್ದು 1980ರ ಜುಲೈ 18ರಂದು. ನನ್ನ ಕಥೆಗಳಲ್ಲಿ ಬರುವ ಊರು, ನಾಲೆ, ಕಾರ್ಖಾನೆ, ಕಾಲೇಜುಗಳು ನಿಜವಾದವು. ಉಡಾವಣೆ ಮತ್ತು ಅದರಲ್ಲಿ ತೊಡಗಿದ ಜನರು ಕಲ್ಪಿತರು.

ನಿಮ್ಮ ಲೋಕದ ಚರಿತ್ರೆ ನಮ್ಮ ಚರಿತ್ರೆಯಿಂದ ಎಲ್ಲಿ ಬೇರೆಯಾಗುತ್ತದೆ?

ಒಂದೇ ಕಡೆ, 1799ರಲ್ಲಿ. ಆ ವರ್ಷದ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ರಾಕೆಟ್ಟುಗಳು ಇಂಗ್ಲೆಂಡಿನ ವೂಲ್ವಿಚ್‌ಗೆ ಹೋದವು. ಅವುಗಳನ್ನು ನೋಡಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದ. ಇಲ್ಲಿ ಆ ಕಸುಬು ಆರಿಹೋಯಿತು. ನನ್ನ ಕಥೆಯಲ್ಲಿ ಅದು ಆರಲಿಲ್ಲ. ಪಟ್ಟಣದ ಪಕ್ಕದ ಗಂಜಾಂನಲ್ಲಿ ನೆಲೆಸಿದ್ದ ಕಮ್ಮಾರ ಮತ್ತು ಮದ್ದಿನ ಕೆಲಸದ ಕುಟುಂಬಗಳು ಕೃಷಿಯ ಬಾವಿ ತೋಡಲು ಬಂಡೆ ಸಿಡಿಸುತ್ತ, ಜಾತ್ರೆಗಳಿಗೆ ಬಾಣಬಿರುಸು ಮಾಡುತ್ತ ಬದುಕಿ ಉಳಿದವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಆ ಮನೆಗಳ ಹುಡುಗರು ಭೌತಶಾಸ್ತ್ರ ಓದಲು ಬರುತ್ತಾರೆ. ಉಳಿದ ಚರಿತ್ರೆಯನ್ನು ಸಾಧ್ಯವಾದಷ್ಟೂ ಮುಟ್ಟಿಲ್ಲ. ಯುದ್ಧಗಳು, ಸ್ವಾತಂತ್ರ್ಯ, ಗಣರಾಜ್ಯ ಎಲ್ಲವೂ ಇದ್ದ ವರ್ಷಗಳಲ್ಲೇ ಇವೆ.

ಟಿಪ್ಪುವಿನ ಕಾಲದಲ್ಲೇ ಉಪಗ್ರಹ ಹಾರಿಸಿಬಿಡಬಹುದಿತ್ತಲ್ಲ? ರಾಕೆಟ್ ಇತ್ತಲ್ಲ ಅವರ ಹತ್ತಿರ!

ಈ ಪ್ರಶ್ನೆಯಷ್ಟು ಬಾರಿ ಬೇರಾವ ಪ್ರಶ್ನೆಯೂ ಬಂದಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೈಸೂರಿನ ರಾಕೆಟ್ಟು ಅದರ ಕಾಲಕ್ಕೆ ನಿಜಕ್ಕೂ ಮುಂದಿತ್ತು. ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ಗಿಡಿದು ತುಂಬಿದ್ದರಿಂದ ಒಳಗಿನ ಒತ್ತಡ ಹೆಚ್ಚಿ, ಅದು ಒಂದೆರಡು ಕಿಲೋಮೀಟರು ದೂರ ಹಾರುತ್ತಿತ್ತು. ಕೊಳವೆಗೆ ಬಿದಿರಿನ ಗಳು ಕಟ್ಟಿ ದಿಕ್ಕು ಕೊಡುತ್ತಿದ್ದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕಿದ್ದನ್ನು ಹಲವರು ಓದಿರಬಹುದು.

ಆದರೆ ಉಪಗ್ರಹಕ್ಕೆ ಬೇಕಾದದ್ದು ಎತ್ತರಕ್ಕಿಂತ ಹೆಚ್ಚಾಗಿ ಅಡ್ಡ ದಿಕ್ಕಿನ ವೇಗ. ಭೂಮಿಯ ಮೇಲ್ಮೈಗೆ ಸಮಾಂತರವಾಗಿ ಸೆಕೆಂಡಿಗೆ ಸುಮಾರು 8 ಕಿಲೋಮೀಟರು ಓಡುವ ವಸ್ತು ಬೀಳುತ್ತಲೇ ಇರುತ್ತದೆ, ಆದರೆ ಅದು ಬಿದ್ದಷ್ಟೇ ನೆಲವೂ ಬಾಗುತ್ತ ಹೋಗುವುದರಿಂದ ನೆಲ ಸಿಗುವುದಿಲ್ಲ. ಗಾಳಿಯ ತಡೆ ಮತ್ತು ಗುರುತ್ವದಿಂದಾಗುವ ನಷ್ಟ ಸೇರಿಸಿದರೆ ರಾಕೆಟ್ಟು ಒಟ್ಟು ಸೆಕೆಂಡಿಗೆ 9.4 ಕಿಲೋಮೀಟರಿನಷ್ಟು ವೇಗವನ್ನು ದುಡಿಯಬೇಕು. ಕರಿಮದ್ದಿನ ಹೊಗೆ ಹೊರನುಗ್ಗುವ ವೇಗವೇ ಸೆಕೆಂಡಿಗೆ ಸುಮಾರು 800 ಮೀಟರು. ತ್ಸಿಯೋಲ್ಕೋವ್‌ಸ್ಕಿ ಎಂಬ ರಷ್ಯನ್ ವಿಜ್ಞಾನಿ 1903ರಲ್ಲಿ ಪ್ರಕಟಿಸಿದ ರಾಕೆಟ್ ಸಮೀಕರಣದಲ್ಲಿ ಇವೆರಡನ್ನು ಇಟ್ಟು ನೋಡಿದರೆ, ಕಕ್ಷೆ ಸೇರುವ ಪ್ರತಿ ಒಂದು ಕಿಲೋಗೆ ನೆಲದ ಮೇಲೆ ಒಂದು ಲಕ್ಷ ಕಿಲೋಗಿಂತ ಹೆಚ್ಚು ತೂಕ ಬೇಕಾಗುತ್ತದೆ. ಅದೂ ಕೊಳವೆಗೆ ತೂಕವೇ ಇಲ್ಲ ಎಂದುಕೊಂಡರೆ. ಹದಿನೆಂಟನೆಯ ಶತಮಾನದ ಯಾವ ಕುಲುಮೆಯೂ ಆ ಲೆಕ್ಕವನ್ನು ಗೆಲ್ಲಲಾರದು. ಗಂಜಾಂನವರಿಂದ ನನ್ನ ಕಥೆ ಪಡೆದುಕೊಳ್ಳುವುದು ಅವರ ಮದ್ದನ್ನಲ್ಲ. ಕೊಳವೆ ಒಡೆಯದಂತೆ ಕಟ್ಟುವ, ಒಡೆದರೆ ಯಾಕೆ ಒಡೆಯಿತೆಂದು ತುಂಡು ಹಿಡಿದು ನೋಡುವ ಅಭ್ಯಾಸವನ್ನು.

ಹಾಗಾದರೆ ಇದು ಟಿಪ್ಪುವನ್ನು ಹೊಗಳುವ ಕಥೆಯೋ, ತೆಗಳುವ ಕಥೆಯೋ?

ಎರಡೂ ಅಲ್ಲ. ಈ ಕಥೆಗಳಲ್ಲಿ ದೊರೆಗಳು ಪಾತ್ರಗಳಾಗಿ ಬರುವುದೇ ಇಲ್ಲ. ಕೊಳವೆ ಬಡಿದವರು, ಕಾಕಂಬಿ ಕಾಯಿಸಿದವರು, ಲಾಗ್ ಕೋಷ್ಟಕ ತಿರುವಿದವರು ಬರುತ್ತಾರೆ.

1951 ಅನ್ನೋ ವರ್ಷವನ್ನೇ ಯಾಕೆ ಆರಿಸಿಕೊಂಡಿರಿ?

ಅದಕ್ಕಿಂತ ಹಿಂದೆ ತಂದರೆ ನನಗೇ ನಂಬಿಕೆ ಬರುತ್ತಿರಲಿಲ್ಲ. ಜರ್ಮನಿಯ ವಿ-2 ರಾಕೆಟ್ಟು 1942ರ ಅಕ್ಟೋಬರ್ 3ರಂದು ಮೊದಲ ಬಾರಿಗೆ ಯಶಸ್ವಿಯಾಗಿ ಹಾರಿ, 80 ಕಿಲೋಮೀಟರಿಗೂ ಮೇಲಕ್ಕೆ ಹೋಯಿತು. 1946ರ ಮೇ ತಿಂಗಳಲ್ಲಿ ಅಮೆರಿಕದ ರಾಂಡ್ ಯೋಜನೆಯ ಎಂಜಿನಿಯರುಗಳು ಸಿದ್ಧಪಡಿಸಿದ ವರದಿಯೊಂದು, ಇದ್ದ ತಂತ್ರಜ್ಞಾನದಿಂದಲೇ 1951ರ ಹೊತ್ತಿಗೆ ಭೂಮಿಯ ಸುತ್ತ ಉಪಗ್ರಹವೊಂದನ್ನು ತಿರುಗಿಸಬಹುದು ಎಂದು ಲೆಕ್ಕ ಹಾಕಿತ್ತು. ಹಣ ಮತ್ತು ಮನಸ್ಸು ಸೇರಲಿಲ್ಲ, ವರದಿ ಹಾಗೇ ಉಳಿಯಿತು. ಹಣವಲ್ಲದಿದ್ದರೂ ಮನಸ್ಸು ಇದ್ದ ಒಂದು ಊರನ್ನು ಕಲ್ಪಿಸಿಕೊಳ್ಳುವುದು ಕಥೆಗಾರರಿಗೆ ಇರುವ ಸ್ವಾತಂತ್ರ್ಯ.

ತಿಂಗಳನ್ನು ಆರಿಸಿದ್ದು ಹವಾಮಾನ. ಫೆಬ್ರವರಿಯ ಹೊತ್ತಿಗೆ ಪೂರ್ವ ಕರಾವಳಿಯಲ್ಲಿ ಹಿಂಗಾರು ಮಳೆ ಮುಗಿದಿರುತ್ತದೆ.

## ರಾಕೆಟ್ಟು, ಇಂಧನ, ಜಾಗ

ಮಂಡ್ಯದ ಸಕ್ಕರೆ ಕಾರ್ಖಾನೆಗೂ ರಾಕೆಟ್ಟಿಗೂ ಏನ್ ಸಂಬಂಧ?

ಬಹಳ ಸಂಬಂಧವಿದೆ, ಮತ್ತು ಈ ಕಥಾಮಾಲೆಯನ್ನು ಬರೆಯಬೇಕೆನ್ನಿಸಿದ್ದೇ ಅದರಿಂದ. ವಿ-2 ರಾಕೆಟ್ಟು ಉರಿಸುತ್ತಿದ್ದದ್ದು ಮದ್ಯಸಾರವನ್ನು; ಮುಕ್ಕಾಲು ಪಾಲು ಮದ್ಯಸಾರ, ಕಾಲು ಪಾಲು ನೀರು, ಜೊತೆಗೆ ದ್ರವ ಆಮ್ಲಜನಕ. ಒಂದೊಂದು ರಾಕೆಟ್ಟಿಗೂ ನಾಲ್ಕು ಟನ್ನಿಗೆ ಹತ್ತಿರದಷ್ಟು ಆ ಮಿಶ್ರಣ ಬೇಕಾಗಿತ್ತು. ನೀರು ಬೆರೆಸಿದರೆ ಬೆಂಕಿಯ ತಾಪ ಇಳಿದು ಉರಿಕೋಣೆ ಕರಗದೆ ಉಳಿಯುತ್ತದೆ.

ಕೃಷ್ಣರಾಜ ಸಾಗರ ಕಟ್ಟಿದ ಮೇಲೆ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯದ ಹೊಲಗಳಿಗೆ ನೀರು ತಂದಿತು. ನೀರು ಬಂದಲ್ಲಿ ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆಯ ಸಂಸ್ಥೆ ಬಂತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿಯಿಸಿ ಬಟ್ಟಿ ಇಳಿಸಿದರೆ ಮದ್ಯಸಾರ ಸಿಗುತ್ತದೆ. ಪೆಟ್ರೋಲಿಯಂ ಇಲ್ಲದ ಸೀಮೆಯಲ್ಲಿ ರಾಕೆಟ್ ಕಥೆ ಬರೆಯುವವರಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು? ಆಲೆಮನೆಯ ವಾಸನೆ ಗೊತ್ತಿರುವ ಓದುಗರಿಗೆ ಉಡಾವಣೆಯ ಇಂಧನ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ದ್ರವ ಆಮ್ಲಜನಕದ ಕೊಟ್ಟಿಗೆಗೆ ಹೋಗೋ ಮುಂಚೆ ಎಲ್ಲರೂ ತಲೆಸ್ನಾನ ಮಾಡೋದು ಯಾಕೆ? ಅದು ಶಾಸ್ತ್ರಾನಾ?

ಶಾಸ್ತ್ರವಲ್ಲ, ಸುರಕ್ಷತೆ. ದ್ರವ ಆಮ್ಲಜನಕ ಸೊನ್ನೆಗಿಂತ 183 ಡಿಗ್ರಿ ಕೆಳಗೆ ಕುದಿಯುತ್ತದೆ. ಎಣ್ಣೆ, ಗ್ರೀಸ್, ಜಿಡ್ಡು ಏನು ತಾಗಿದರೂ ಒಂದು ಸಣ್ಣ ಪೆಟ್ಟಿಗೆ ಸಿಡಿಯಬಹುದು. ತೆಂಗಿನೆಣ್ಣೆ ಹಚ್ಚಿಕೊಂಡ ತಲೆಯನ್ನು ಸವರಿ ಅದೇ ಕೈಯಲ್ಲಿ ಕವಾಟ ತಿರುಗಿಸಿದರೆ ಏನಾದೀತೆಂದು ಯೋಚಿಸಿ. ಆದ್ದರಿಂದ ಕೊಟ್ಟಿಗೆಯ ಹೊರಗೆ ಹಂಡೆಯಲ್ಲಿ ಬಿಸಿನೀರು ಮತ್ತು ಸೀಗೆಪುಡಿ ಇಟ್ಟಿರುತ್ತಾರೆ. ಮೇಸ್ತ್ರಿ ಪ್ರತಿಯೊಬ್ಬರ ಅಂಗೈಯನ್ನೂ ಒಗೆದ ಬಿಳಿಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು, ಜಿಡ್ಡಿನ ಗುರುತು ಕಾಣದಿದ್ದರೆ ಮಾತ್ರ ಒಳಗೆ ಬಿಡುತ್ತಾನೆ. ಆಮ್ಲಜನಕ ದ್ರವವಾಗಿಸಲು ಬೇಕಾದ ವಿದ್ಯುತ್ತು ಶಿವನಸಮುದ್ರದಿಂದ ಬರುತ್ತದೆ. 1902ರಲ್ಲೇ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಿದ್ದರು.

ಚಾಮುಂಡಿ ಬೆಟ್ಟದ ತುದಿಯಿಂದ ಹಾರಿಸಿದ್ರೆ ಎತ್ತರ ಸಿಗ್ತಿತ್ತಲ್ವಾ? ನಾಗಪಟ್ಟಣಕ್ಕೆ ಯಾಕೆ ಹೊತ್ತುಕೊಂಡು ಹೋದರು?

ಬೆಟ್ಟದಿಂದ ಸಿಗುವುದು ಊರಿಗಿಂತ ಸುಮಾರು 300 ಮೀಟರು ಎತ್ತರ. ಕಕ್ಷೆಯ ಲೆಕ್ಕದಲ್ಲಿ ಅದು ಏನೂ ಅಲ್ಲ. ನಷ್ಟ ಮಾತ್ರ ಭಾರಿ. ಭೂಮಿ ಪೂರ್ವಕ್ಕೆ ತಿರುಗುವುದರಿಂದ ನಮ್ಮ ಅಕ್ಷಾಂಶದಲ್ಲಿ ಪೂರ್ವಕ್ಕೆ ಹಾರಿದ ರಾಕೆಟ್ಟಿಗೆ ಸೆಕೆಂಡಿಗೆ 450 ಮೀಟರಿನಷ್ಟು ವೇಗ ಪುಕ್ಕಟೆಯಾಗಿ ದಕ್ಕುತ್ತದೆ, ಹಾಗಾಗಿ ಪೂರ್ವಕ್ಕೇ ಹಾರಿಸಬೇಕು. ಮೈಸೂರಿನಿಂದ ನೇರ ಪೂರ್ವಕ್ಕೆ ಕಡಲು ಸಿಗಲು 350 ಕಿಲೋಮೀಟರಿಗೂ ಹೆಚ್ಚು ದೂರವಿದೆ. ನಡುವೆ ಧರ್ಮಪುರಿ, ತಿರುವಣ್ಣಾಮಲೈಗಳಿವೆ. ಸೋತ ರಾಕೆಟ್ಟಾಗಲಿ, ಕಳಚಿದ ಹಂತವಾಗಲಿ ಬೀಳುವುದು ಜನರ ಮೇಲೆ. ಮೊದಲ ಕರಡಿನ ಬೆಟ್ಟದ ದೃಶ್ಯ ಬಹಳ ಚೆನ್ನಾಗಿತ್ತು ಎಂದು ಆಗ ಓದಿದ್ದ ಗೆಳೆಯರು ಈಗಲೂ ಹೇಳುತ್ತಾರೆ. ಚೆನ್ನಾಗಿದ್ದರೂ ಅದನ್ನು ಉಳಿಸಿಕೊಳ್ಳುವುದು ನನಗೆ ಸರಿಯೆನಿಸಲಿಲ್ಲ.

ತಮಿಳುನಾಡಿನ ಕರಾವಳಿಯ ನಾಗಪಟ್ಟಣದ ಮುಂದೆ ಪೂರ್ವಕ್ಕೆ ಬಯಲು ಕಡಲು. ಶ್ರೀಲಂಕಾದ ತುದಿ ದಕ್ಷಿಣಕ್ಕೆ ಉಳಿಯುತ್ತದೆ. ಎದುರಿಗೆ ನೆಲ ಸಿಗುವುದು ಸುಮಾರು 1,350 ಕಿಲೋಮೀಟರು ಆಚೆ, ಲಿಟಲ್ ಅಂಡಮಾನಿನಲ್ಲಿ. ಕೆಳಗಿನ ಹಂತಗಳು ಅದಕ್ಕೆ ಮೊದಲೇ ನೀರಿಗೆ ಬೀಳುವಂತೆ ಹಾದಿಯನ್ನು ಗೊತ್ತು ಮಾಡಿದ್ದಾರೆ. 1951ರಲ್ಲಿ ಮೈಸೂರು, ಮದರಾಸು ಎರಡೂ ಒಂದೇ ಗಣರಾಜ್ಯದ ರಾಜ್ಯಗಳಾಗಿದ್ದುದರಿಂದ ಅನುಮತಿಯ ಕಥೆಯೂ ನಂಬುವಂತಾಗುತ್ತದೆ. ಮೈಸೂರಿನ ಮೀಟರ್ ಗೇಜ್ ಹಳಿಯ ಮೇಲೆ ಸಾಗಬೇಕಾದ್ದರಿಂದ ರಾಕೆಟ್ಟಿನ ದಪ್ಪವನ್ನು ಎಂಜಿನಿಯರುಗಳ ಬದಲು ರೈಲು ಬೋಗಿಯೇ ತೀರ್ಮಾನಿಸಿದೆ.

ರಾಕೆಟ್ಟಿಗೆ ನಾಲ್ಕು ಹಂತ ಯಾಕೆ? ಒಂದೇ ದೊಡ್ಡದು ಮಾಡಬಹುದಿತ್ತಲ್ಲ?

ಇಂಧನ ಮುಗಿದ ತೊಟ್ಟಿಯನ್ನು ಹೊತ್ತು ವೇಗ ಹೆಚ್ಚಿಸುವುದೆಂದರೆ ಖಾಲಿ ಗಾಡಿಗೆ ಮೇವು ಹಾಕಿದಂತೆ. ಮದ್ಯಸಾರ ಮತ್ತು ಆಮ್ಲಜನಕದ ಬೆಂಕಿಯಿಂದ ಸೆಕೆಂಡಿಗೆ ಸುಮಾರು 2.3 ಕಿಲೋಮೀಟರಿನ ಹೊರನುಗ್ಗು ವೇಗ ಸಿಗುತ್ತದೆ. ಅದರಲ್ಲಿ ಒಂದೇ ಹಂತದಿಂದ ಕಕ್ಷೆ ಮುಟ್ಟಬೇಕಾದರೆ ರಾಕೆಟ್ಟಿನ 60ರಲ್ಲಿ 59 ಪಾಲು ಇಂಧನವೇ ಆಗಿರಬೇಕು; ಉಳಿದ ಒಂದು ಪಾಲಿನಲ್ಲಿ ತೊಟ್ಟಿ, ಎಂಜಿನ್, ಉಪಗ್ರಹ ಎಲ್ಲವೂ ಹಿಡಿಸಬೇಕು. ಅದು ಆಗದ ಕೆಲಸ.

ಕಥೆಯ ರಾಕೆಟ್ಟು 34 ಟನ್ ತೂಗುತ್ತದೆ. ಕೆಳಗಿನದು ದ್ರವ ಇಂಧನದ ಹಂತ, ಮೇಲಿನ ಮೂರು ಘನ ಇಂಧನದ ಕೊಳವೆಗಳ ಗೊಂಚಲುಗಳು. ಈ ಏರ್ಪಾಡಿಗೆ ನಿಜ ಚರಿತ್ರೆಯ ಆಧಾರವಿದೆ: 1958ರಲ್ಲಿ ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1ನ್ನು ಹೊತ್ತ ರಾಕೆಟ್ಟು ಸುಮಾರು 29 ಟನ್ನಿನದು, ಅದರಲ್ಲೂ ಕೆಳಗೆ ದ್ರವ ಇಂಧನದ ಒಂದು ಹಂತ, ಮೇಲೆ ಹನ್ನೊಂದು, ಮೂರು, ಒಂದು ಎಂಬ ಲೆಕ್ಕದಲ್ಲಿ ಘನ ಇಂಧನದ ಸಣ್ಣ ರಾಕೆಟ್ಟುಗಳು. ಅದು ಹೊತ್ತದ್ದು 14 ಕಿಲೋ. ಆದರೆ ಅವರು ಮದ್ಯಸಾರಕ್ಕಿಂತ ಬಲವಾದ ಇಂಧನ ಬಳಸಿದ್ದರು. ನನ್ನವರ ಬಳಿ ಕಾಕಂಬಿಯ ಮದ್ಯಸಾರವಷ್ಟೇ ಇದ್ದುದರಿಂದ ಚುಕ್ಕಿಯ ತೂಕವನ್ನು 6 ಕಿಲೋಗೆ ಇಳಿಸಿದೆ.

ಮೂರು ಸಲ ಸೋಲಿಸಿದ್ದು ಜಾಸ್ತಿ ಆಯ್ತು ಅನ್ನಿಸಲ್ವಾ?

ಕಡಿಮೆಯೇ ಆಯಿತು. ಜಪಾನಿನ ಮೊದಲ ಉಪಗ್ರಹ ಓಸುಮಿ 1970ರ ಫೆಬ್ರವರಿ 11ರಂದು ಕಕ್ಷೆ ಸೇರುವ ಮೊದಲು ಅದೇ ಬಗೆಯ ರಾಕೆಟ್ಟು ನಾಲ್ಕು ಬಾರಿ ವಿಫಲವಾಗಿತ್ತು. ನಮ್ಮ ಎಸ್‌ಎಲ್‌ವಿ-3, ಅಂದರೆ 1980ರಲ್ಲಿ ಗೆದ್ದ ಅದೇ ರಾಕೆಟ್ಟಿನ, ಮೊದಲ ಹಾರಾಟ 1979ರ ಆಗಸ್ಟ್ 10ರಂದು ಬಂಗಾಳ ಕೊಲ್ಲಿಯಲ್ಲಿ ಮುಗಿಯಿತು; ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ಒಂದು ಕವಾಟದ ದೋಷ ಅದಕ್ಕೆ ಕಾರಣ. ಮೊದಲ ಯತ್ನದಲ್ಲೇ ಗೆಲ್ಲುವ ಉಡಾವಣೆಯನ್ನು ಬರೆದರೆ ಅಂಥ ಕವಾಟಗಳ ಮುಂದೆ ನಿದ್ದೆಗೆಟ್ಟು ಕುಳಿತವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

## ಉಪಗ್ರಹ ಮತ್ತು ಕೇಳುಗರು

ಚುಕ್ಕಿಯೊಳಗೆ ಏನೇನಿತ್ತು?

20 ಸೆಂಟಿಮೀಟರು ಅಡ್ಡಳತೆಯ ಅಲ್ಯೂಮಿನಿಯಂ ಗೋಳ, ನಾಲ್ಕು ಆಂಟೆನಾ ಕಡ್ಡಿಗಳು, ಒಂದು ಪುಟ್ಟ ಪ್ರೇಷಕ. ತೂಕದ ಅರ್ಧದಷ್ಟು ಬ್ಯಾಟರಿಯೇ. ಇದನ್ನು ಓದಿ ಅಚ್ಚರಿಪಟ್ಟವರಿಗೆ ಹೇಳುವುದೆಂದರೆ, 83.6 ಕಿಲೋ ತೂಗುತ್ತಿದ್ದ ಸ್ಪುಟ್ನಿಕ್ಕಿನಲ್ಲೂ ಅರ್ಧಕ್ಕಿಂತ ಹೆಚ್ಚು ತೂಕ ಬ್ಯಾಟರಿಯದಾಗಿತ್ತು, ಅದೂ ಮೂರು ವಾರಕ್ಕೆ ಮುಗಿಯಿತು. ಚುಕ್ಕಿಯ ಒಣ ಬ್ಯಾಟರಿ ಎರಡು ವಾರ ಬಾಳುತ್ತದೆ. ಟ್ರಾನ್ಸಿಸ್ಟರು 1947ರ ಕೊನೆಯಲ್ಲಿ ಬಂದಿದ್ದರೂ 1951ರಲ್ಲಿ ಅದನ್ನು ಈ ಕೆಲಸಕ್ಕೆ ನಂಬುವಂತಿರಲಿಲ್ಲ. ಆದ್ದರಿಂದ ಪುಟ್ಟ ವಾಲ್ವುಗಳನ್ನು, ಅಂದರೆ ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ನಳಿಕೆಗಳನ್ನು, ಬಳಸಿದ್ದಾರೆ. ಗಾಜಿನ ವಾಲ್ವು ರಾಕೆಟ್ಟಿನ ನಡುಕ ತಾಳೀತೇ ಎಂದು ಕೇಳುವವರಿಗೆ: ಎರಡನೆಯ ಮಹಾಯುದ್ಧದಲ್ಲಿ ತೋಪಿನ ಗುಂಡುಗಳೊಳಗೇ ವಾಲ್ವುಗಳನ್ನು ಇಟ್ಟು ಹಾರಿಸಿದ್ದರು, ಗುರುತ್ವದ ಸಾವಿರಾರು ಪಟ್ಟು ಬಲವನ್ನು ಅವು ತಾಳಿಕೊಂಡಿದ್ದವು.

ಮನೆಯ ರೇಡಿಯೋದಲ್ಲಿ ಜನ ಯಾಕೆ ಕೇಳಿಸಿಕೊಳ್ಳಲಿಲ್ಲ? ಮೈಸೂರಲ್ಲಿ ಆಕಾಶವಾಣಿ ಆಗಲೇ ಇತ್ತಲ್ಲ?

ಇತ್ತು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ಪ್ರಸಾರ ಆರಂಭಿಸಿದ್ದರು, ಆಕಾಶವಾಣಿ ಎಂಬ ಹೆಸರು ಮೈಸೂರಿನಿಂದ ಬಂದದ್ದು. ಆ ಪರಂಪರೆಯಿಂದಲೇ ನನ್ನ ಕಥೆಯ ರೇಡಿಯೋ ತಂಡ ಹುಟ್ಟುತ್ತದೆ. ಆದರೆ ಚುಕ್ಕಿ ಕಳಿಸುವುದು ಮಾತನ್ನಾಗಲಿ ಹಾಡನ್ನಾಗಲಿ ಹೊರದ ಬರಿಯ ಅಲೆ, 20 ಮೆಗಾಹರ್ಟ್ಸಿನದು. ಮನೆಯ ರೇಡಿಯೋದಲ್ಲಿ ಅದು ಬಂದರೆ ಸರಸರ ಸದ್ದು ತುಸು ತಗ್ಗೀತು, ಅಷ್ಟೇ. ಅಲೆ ಹಿಡಿಯುವ ಗ್ರಾಹಕ ಯಂತ್ರದೊಳಗೆ ಇನ್ನೊಂದು ಅಲೆಯನ್ನು ಹುಟ್ಟಿಸಿ ಇದರೊಡನೆ ಬೆರೆಸಿದಾಗ ಮಾತ್ರ ಕಿವಿಗೆ ಸ್ವರವಾಗಿ ಕೇಳುತ್ತದೆ. ಅಂಥ ಗ್ರಾಹಕ ಕಾಲೇಜಿನಲ್ಲಿತ್ತು, ಜನ ಅದರ ಧ್ವನಿವರ್ಧಕದ ಮುಂದೆ ನೆರೆದರು.

ಉಪಗ್ರಹ ಮೈಸೂರಿನ ನೆತ್ತಿಯ ಮೇಲೆ ಹೋಗೋದನ್ನ ಯಾಕೆ ತೋರಿಸಲಿಲ್ಲ? ಓದುವಾಗ ಕಾಯ್ತಾ ಇದ್ದೆ.

ಹೋಗುವುದಿಲ್ಲ, ಅದಕ್ಕೆ. ನಾಗಪಟ್ಟಣದ ಅಕ್ಷಾಂಶ 10.8 ಡಿಗ್ರಿ, ಅಲ್ಲಿಂದ ನೇರ ಪೂರ್ವಕ್ಕೆ ಹಾರಿದ ಉಪಗ್ರಹ ಭೂಮಧ್ಯರೇಖೆಯ ಎರಡೂ ಕಡೆ ಅಷ್ಟೇ ಡಿಗ್ರಿಯವರೆಗೆ ತೂಗಾಡುತ್ತದೆ. ಮೈಸೂರು 12.3 ಡಿಗ್ರಿಯಲ್ಲಿದೆ. ತೀರ ಹತ್ತಿರ ಬಂದಾಗಲೂ ಅದು ನಮ್ಮಿಂದ ಸುಮಾರು 165 ಕಿಲೋಮೀಟರು ದಕ್ಷಿಣದ ನೆಲದ ಮೇಲಿರುತ್ತದೆ. ನೋಡುವವರು ನಂಜನಗೂಡಿನ ಕಡೆಗೆ ಮುಖ ಮಾಡಿ, ನೆತ್ತಿಗಿಂತ ಸ್ವಲ್ಪ ಕೆಳಗೆ ಕಣ್ಣಿಡಬೇಕು. ಅದೂ ಸೂರ್ಯ ಮುಳುಗಿದ ಬಳಿಕ ಅಥವಾ ಹುಟ್ಟುವ ಮುನ್ನ, ನೆಲ ಕತ್ತಲಲ್ಲಿದ್ದು ಮೇಲೆ ಬಿಸಿಲಿರುವ ಹೊತ್ತಿನಲ್ಲಿ ಮಾತ್ರ. ಇಷ್ಟಾಗಿಯೂ 20 ಸೆಂಟಿಮೀಟರಿನ ಗೋಳ ಬರಿಗಣ್ಣಿಗೆ ಕಾಣದು. 1957ರಲ್ಲಿ ಜಗತ್ತಿನ ಜನ ಸ್ಪುಟ್ನಿಕ್ ಎಂದು ನೋಡಿದ್ದು ಬಹುಮಟ್ಟಿಗೆ ಅದರ ಜೊತೆ ಕಕ್ಷೆ ಸೇರಿದ್ದ ದೊಡ್ಡ ರಾಕೆಟ್ ಭಾಗವನ್ನು. ಚುಕ್ಕಿಯ ಕೊನೆಯ ಹಂತವೂ ಪುಟ್ಟದಾದ್ದರಿಂದ ನನ್ನ ಕಥೆಯಲ್ಲಿ ಜನ ಅದನ್ನು ಕೇಳುತ್ತಾರೆ, ನೋಡುವುದಿಲ್ಲ.

## ಲೆಕ್ಕ ಕೇಳುವವರಿಗೆ

ಕಂಪ್ಯೂಟರ್ ಇಲ್ಲದೆ ಹಾದಿಯ ಲೆಕ್ಕ ಹೇಗೆ ಮಾಡಿದರು?

ಕೈಯಿಂದ. ಹಾರಾಟವನ್ನು ಐದೈದು ಸೆಕೆಂಡಿನ ತುಣುಕುಗಳಾಗಿ ಒಡೆದು, ಪ್ರತಿ ತುಣುಕಿನ ಕೊನೆಗೆ ತೂಕ, ವೇಗ, ಕೋನ, ಎತ್ತರ, ಗಾಳಿಯ ತಡೆ ಎಷ್ಟೆಂದು ಹಿಂದಿನ ಸಾಲಿನಿಂದ ಮುಂದಿನ ಸಾಲನ್ನು ಪಡೆಯುತ್ತ ಹೋಗುವುದು. ಕಥೆಯಲ್ಲಿ ಈ ಕೆಲಸ ಮಹಾರಾಣಿ ಕಾಲೇಜಿನ ಒಂದು ಉದ್ದನೆಯ ಕೋಣೆಯಲ್ಲಿ ನಡೆಯುತ್ತದೆ. ಇಬ್ಬರು ಒಂದೇ ಲೆಕ್ಕವನ್ನು ಪರಸ್ಪರ ನೋಡದೆ ಮಾಡುತ್ತಾರೆ, ಮೂರನೆಯವಳು ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಒಂದೊಂದೇ ಅಂಕಿಯ ಮೇಲೆ ಅಡಿಪಟ್ಟಿ ಸರಿಸುತ್ತಾಳೆ. ಏಳನೆಯ ಅಂಕಿಯಲ್ಲಿ ವ್ಯತ್ಯಾಸ ಬಂದರೆ ಬಿಡಬಹುದು. ಐದನೆಯದರಲ್ಲಿ ಬಂದರೆ ಕೆಂಪು ಮಸಿಯಿಂದ ಗುರುತು ಹಾಕಿ ಇಬ್ಬರನ್ನೂ ಕರೆಯಬೇಕು. ನನ್ನ ದೃಷ್ಟಿಯಲ್ಲಿ ಇಡೀ ಕಥಾಮಾಲೆಯ ಉಸಿರು ಇರುವುದು ಆ ಕೋಣೆಯಲ್ಲಿ. ಉಡಾವಣೆಯ ದಿನ ಅವರಲ್ಲಿ ಯಾರೂ ನಾಗಪಟ್ಟಣದಲ್ಲಿರಲಿಲ್ಲ ಎಂಬುದಕ್ಕೆ ಓದುಗರು ಸಿಟ್ಟಾಗಿ ಬರೆದಿದ್ದಾರೆ. ಆ ಸಿಟ್ಟು ನ್ಯಾಯವಾದದ್ದು.

ರಾಡಾರ್ ಇಲ್ಲದೆ ಕಕ್ಷೆ ಸೇರಿತೋ ಇಲ್ಲವೋ ಅಂತ ಹೇಗೆ ಗೊತ್ತಾಯಿತು? ಆ ವೀಣೆಯವರ ಪ್ರಸಂಗ ನಿಜಕ್ಕೂ ಸಾಧ್ಯವೇ?

ಸಾಧ್ಯ. ಉಪಗ್ರಹ ನಮ್ಮ ಕಡೆ ಬರುವಾಗ ಅದರ ಅಲೆಯ ಆವರ್ತನ ಹೆಚ್ಚಿದಂತೆ, ದೂರ ಸರಿಯುವಾಗ ಕುಗ್ಗಿದಂತೆ ತೋರುತ್ತದೆ. ಇದು ಡಾಪ್ಲರ್ ಪರಿಣಾಮ. 20 ಮೆಗಾಹರ್ಟ್ಸಿನಲ್ಲಿ, ಈ ವೇಗದಲ್ಲಿ, ವ್ಯತ್ಯಾಸ ಹತ್ತಿರ ಹತ್ತಿರ 500 ಹರ್ಟ್ಸ್ ಮೇಲಕ್ಕೆ ಮತ್ತು ಅಷ್ಟೇ ಕೆಳಕ್ಕೆ. ಗ್ರಾಹಕದ ಸ್ವರವನ್ನು ನಡುವೆ 1,500 ಹರ್ಟ್ಸಿಗೆ ಹೊಂದಿಸಿದರೆ, ಉಪಗ್ರಹ ಪಶ್ಚಿಮದಲ್ಲಿ ಮೂಡುವಾಗ ಸ್ವರ 2,000ದ ಹತ್ತಿರ ಇದ್ದು, ಪೂರ್ವದಲ್ಲಿ ಮುಳುಗುವಾಗ 1,000ಕ್ಕೆ ಇಳಿದಿರುತ್ತದೆ. ಅಂದರೆ ಹತ್ತು ಹನ್ನೆರಡು ನಿಮಿಷಗಳಲ್ಲಿ ಹೆಚ್ಚುಕಡಿಮೆ ಒಂದು ಸ್ಥಾಯಿಯ ಜಾರು. ಮೇಲಿನ ಷಡ್ಜದಿಂದ ಕೆಳಗಿನ ಷಡ್ಜಕ್ಕೆ. ಮೊದಲು ನಿಧಾನ, ತೀರ ಹತ್ತಿರ ಬಂದಾಗ ಬಿರುಸು, ಮತ್ತೆ ನಿಧಾನ. ಶ್ರುತಿಜ್ಞಾನವುಳ್ಳ ವೈಣಿಕರೊಬ್ಬರು ಸ್ವರ ಯಾವ ಕ್ಷಣದಲ್ಲಿ ಪಂಚಮ ದಾಟಿತು, ಯಾವ ಕ್ಷಣದಲ್ಲಿ ಗಾಂಧಾರ ಮುಟ್ಟಿತು ಎಂದು ಕೂಗಿ ಹೇಳುತ್ತ ಹೋದರೆ, ಪಕ್ಕದಲ್ಲಿ ಗಡಿಯಾರ ಹಿಡಿದವರು ಅದನ್ನು ಬರೆದುಕೊಂಡರೆ, ಆ ಜಾರಿನ ಬಿರುಸಿನಿಂದ ಉಪಗ್ರಹದ ದೂರವನ್ನು ಲೆಕ್ಕ ಹಾಕಬಹುದು. 1957ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ಪ್ರಯೋಗಾಲಯದಲ್ಲಿ ಗೈಯರ್ ಮತ್ತು ವೈಫೆನ್‌ಬಾಕ್ ಎಂಬಿಬ್ಬರು ಸ್ಪುಟ್ನಿಕ್ಕಿನ ಸ್ವರದಿಂದಲೇ ಅದರ ಕಕ್ಷೆಯನ್ನು ಕಂಡುಹಿಡಿದರು. ವೀಣೆಯ ಊರಿನಲ್ಲಿ ಈ ಕೆಲಸವನ್ನು ಉಪಕರಣಕ್ಕೆ ಮೊದಲು ಕಿವಿ ಮಾಡಿತು ಎಂದು ಬರೆಯಲು ನನಗೆ ಯಾವ ಹಿಂಜರಿಕೆಯೂ ಇರಲಿಲ್ಲ.

ಒಂದು ಸುತ್ತಿಗೆ 96 ನಿಮಿಷ ಅಂತೀರಿ, ಆದರೆ ಮತ್ತೆ ಕೇಳಿಸಿದ್ದು 103 ನಿಮಿಷಕ್ಕೆ ಅಂತ ಬರೆದಿದ್ದೀರಿ. ಅಚ್ಚಿನ ತಪ್ಪೇ?

ಎರಡೂ ಸರಿ. ಭೂಮಿಗೆ ಹತ್ತಿರದ ತುದಿ 230 ಕಿಲೋಮೀಟರು, ದೂರದ ತುದಿ 900 ಕಿಲೋಮೀಟರು ಇರುವ ಕಕ್ಷೆಯಲ್ಲಿ ಒಂದು ಸುತ್ತಿಗೆ 96 ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಮೈಸೂರೂ ಭೂಮಿಯ ಜೊತೆ ಪೂರ್ವಕ್ಕೆ ಸರಿದಿರುತ್ತದೆ. ಅದನ್ನು ಹಿಂದಿನಿಂದ ಬಂದು ಮುಟ್ಟಲು ಉಪಗ್ರಹಕ್ಕೆ ಇನ್ನೂ ಏಳು ನಿಮಿಷ ಬೇಕು.

ಚುಕ್ಕಿ ಮೂರೇ ತಿಂಗಳಿಗೆ ಯಾಕೆ ಬಿತ್ತು?

230 ಕಿಲೋಮೀಟರಿನಲ್ಲೂ ತೆಳುವಾದ ಗಾಳಿಯಿದೆ. ಪ್ರತಿ ಸುತ್ತಿನಲ್ಲೂ ಅದು ಸ್ವಲ್ಪ ಸ್ವಲ್ಪ ವೇಗ ಕಸಿಯುತ್ತದೆ, ಮೇಲಿನ ತುದಿ ಇಳಿಯುತ್ತ ಬರುತ್ತದೆ. ಇಂಥದೇ ಕಕ್ಷೆಯಲ್ಲಿದ್ದ ಸ್ಪುಟ್ನಿಕ್ ಕೂಡ ಮೂರು ತಿಂಗಳಲ್ಲಿ, 1958ರ ಜನವರಿ 4ರಂದು, ಉರಿದುಹೋಯಿತು. 1958ರ ಮಾರ್ಚಿನಲ್ಲಿ ಹಾರಿದ ಒಂದೂವರೆ ಕಿಲೋದ ವ್ಯಾನ್‌ಗಾರ್ಡ್-1 ಬಹಳ ಎತ್ತರದಲ್ಲಿರುವುದರಿಂದ ಇನ್ನೂ ಸುತ್ತುತ್ತಿದೆ.

ಎರಡನೆಯ ಉಪಗ್ರಹದಲ್ಲಿ ಏನಿರುತ್ತದೆ?

ಗೈಗರ್ ಎಣಿಕೆ ಯಂತ್ರ. ಎಕ್ಸ್‌ಪ್ಲೋರರ್-1 ಅದನ್ನೇ ಹೊತ್ತೊಯ್ದು, ಭೂಮಿಯ ಸುತ್ತ ವಿಕಿರಣದ ಪಟ್ಟಿಗಳಿರುವುದನ್ನು ಬಯಲಿಗೆ ತಂದಿತು. ಅದಕ್ಕಾಗಿ ಕಕ್ಷೆಯ ಮೇಲಿನ ತುದಿಯನ್ನು 900ರಿಂದ 2,500 ಕಿಲೋಮೀಟರಿಗೆ ಏರಿಸಬೇಕು, ಅಂದರೆ ಕೆಳತುದಿಯಲ್ಲಿ ಸೆಕೆಂಡಿಗೆ ಇನ್ನೂ ಸುಮಾರು 360 ಮೀಟರು ವೇಗ ಬೇಕು. ಅಷ್ಟನ್ನು ದುಡಿಯಲು ಕಾಕಂಬಿಯ ಮದ್ಯಸಾರಕ್ಕೆ ಆಗದು, ತೂಕವನ್ನು ಇಳಿಸಬೇಕು, ಬ್ಯಾಟರಿಯನ್ನು ಕಿರಿದಾಗಿಸಬೇಕು. ಅದಕ್ಕಿಂತ ಕಷ್ಟದ್ದು ಸಿಕ್ಕ ಅಂಕಿಗಳನ್ನು ಓದುವುದು. ವಿಕಿರಣ ಅತಿಯಾದಾಗ ಆ ಯಂತ್ರ ತುಂಬಿಹೋಗಿ ಸೊನ್ನೆ ತೋರಿಸುತ್ತದೆ, ಅದು ಕೆಟ್ಟುಹೋದಾಗಲೂ ಸೊನ್ನೆಯನ್ನೇ ತೋರಿಸುತ್ತದೆ. ಮಹಾರಾಣಿ ಕಾಲೇಜಿನ ಕೋಣೆಯವರು ಅಂಥದೇ ಇನ್ನೊಂದು ಯಂತ್ರವನ್ನು ಎಕ್ಸ್-ಕಿರಣದ ಮುಂದಿಟ್ಟು, ಕಿರಣದ ಬಲವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ, ಅದು ಯಾವಾಗ ಮೌನವಾಗುತ್ತದೆಂದು ನೋಡಬೇಕಾಗುತ್ತದೆ. ಈಗ ಬರೆಯುತ್ತಿರುವ ಕಥೆಯ ಮೊದಲರ್ಧ ಪೂರ್ತಿ ಆ ಪರೀಕ್ಷೆಯದೇ.